ರೋಗಾನುಭವದ ಬರಹವೂ ಅದನ್ನು ಹಂಚುವ ಕ್ರಮವೂ

ನಮ್ಮ ಶಾಲೆಯಲ್ಲಿ ಓದಿ ಹೋದ ಸಹೋದರಿಯರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಊರೂರುಗಳಲ್ಲಿ ಸಂಸಾರ ಹೂಡಿಕೊಂಡಿರುವರು. ಅವರಲ್ಲಿ ಇಬ್ಬರು ಸಂಧಿಸಿದರೆ ಸಾಕು, ಮಕ್ಕಳ ಓದಿನ ಮಾತು ಮುಗಿದೊಡನೆ ಮೇಲೆದ್ದು ಬರುವುದು ದೇಹಸ್ಥಿತಿಯ ಮಾತೇ. ಅತ್ತೆಯವರ ಸಕ್ಕರೆ ಕಾಯಿಲೆ, ತನ್ನ ಮಂಡಿನೋವು, ಮಗನ ಹಲ್ಲಿನ ಕಲೆ, ಇವುಗಳ ವಿಚಾರವಾಗಿ ಒಬ್ಬಳು ತನಗಾದುದನ್ನು ನಾಲ್ಕು ಪುಟ ಬರೆದು ಗೆಳತಿಯರಿಗೆಲ್ಲಾ ಕಳುಹಿಸುವಳು. ಮತ್ತೊಬ್ಬಳು ಎಲ್ಲಿಯೋ ಕಂಡ ಬರಹವನ್ನು “ನೀವೂ ಓದಿರಿ” ಎಂದು ಹಂಚುವಳು. ಹಿಂದೆ ಅಂಚೆಯ ಕಾಗದದಲ್ಲಿ ಮೆಲ್ಲಗೆ ನಡೆಯುತ್ತಿದ್ದ ಈ ವ್ಯವಹಾರವು ಈಗ ಮೊಬೈಲ್ ಫೋನಿನಲ್ಲಿ ನಿಮಿಷದೊಳಗೆ ನೂರು ಮನೆಗಳನ್ನು ಮುಟ್ಟುವುದು. ಇದು ಒಳ್ಳೆಯದೋ ಕೆಟ್ಟದೋ ಎಂದು ಕೇಳುವವರುಂಟು. ಹೆಂಗಸರು ತಮ್ಮ ನೋವನ್ನು ಬಾಯಿಬಿಟ್ಟು ಹೇಳಬಾರದೆಂಬ ಕಾಲವು ಕಳೆದುಹೋದುದು ಒಳ್ಳೆಯದೆಂದೇ ನಮ್ಮ ಅಭಿಪ್ರಾಯ. ಆದರೆ ಹೇಳುವುದಕ್ಕೊಂದು ಕ್ರಮವುಂಟು. ಕೇಳಿದುದನ್ನು ಮುಂದಕ್ಕೆ ಕಳುಹಿಸುವುದಕ್ಕೆ ಅದಕ್ಕಿಂತಲೂ ಬಿಗಿಯಾದ ಕ್ರಮವುಂಟು. ಅದನ್ನು ನಮ್ಮ ಸೀಮೆಯದೇ ಆದ ಒಂದು ಕಾಯಿಲೆಯ ಮೂಲಕ ವಿಚಾರಿಸಬೇಕೆಂದಿರುವೆವು.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ರೋಗದ ವಿಷಯವಾಗಿ ಬರೆಯುವವರು ಎರಡು ತೆರದವರು. ಅನುಪಮಾ ನಿರಂಜನ (೧೯೩೪–೧೯೯೧) ಅವರು ವೈದ್ಯೆಯಾಗಿ “ತಾಯಿ ಮಗು,” “ಸ್ತ್ರೀ ಸ್ವಾಸ್ಥ್ಯ ಸಂಹಿತೆ” ಮುಂತಾದ ಪುಸ್ತಕಗಳನ್ನು ಬರೆದರು. ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ತಾಯಂದಿರು ಮಗಳಿಗೆ ನೇರವಾಗಿ ಹೇಳಲು ನಾಚಿದ ಸಂಗತಿಗಳನ್ನು ಆ ಪುಸ್ತಕಗಳ ಮೂಲಕ ತಿಳಿಸಿರುವರು. ಇನ್ನೊಂದು ಕಡೆ, ಭಾರತಿ ಬಿ.ವಿ. ಅವರು ಸ್ತನದ ಕ್ಯಾನ್ಸರಿಗೆ ತಾವೇ ಗುರಿಯಾಗಿ, ಚಿಕಿತ್ಸೆಯಲ್ಲಿ ತಮಗಾದುದನ್ನು “ಸಾಸಿವೆ ತಂದವಳು” ಎಂಬ ಪುಸ್ತಕದಲ್ಲಿ ಬರೆದಿರುವರು. ಮೊದಲನೆಯದು ಅನೇಕ ರೋಗಿಗಳನ್ನು ನೋಡಿದ ಶಾಸ್ತ್ರದ ಮಾತು; ಎರಡನೆಯದು ಒಬ್ಬಳು ಪಟ್ಟ ಪಾಡಿನ ಸಾಕ್ಷಿ. ಕಾಯಿಲೆಯವಳಿಗೆ ಎರಡೂ ಬೇಕು. ಔಷಧದ ಪ್ರಮಾಣವನ್ನು ಸಾಕ್ಷಿಯಿಂದ ಕಲಿಯಲಾಗದು. ರಾತ್ರಿಯ ಎರಡು ಗಂಟೆಗೆ ಎಚ್ಚರವಾಗಿ ಮಲಗಿರುವವಳಿಗೆ ಶಾಸ್ತ್ರದ ಪುಸ್ತಕವು ಜೊತೆಯಾಗದು. ತೊಂದರೆ ಹುಟ್ಟುವುದು ಸಾಕ್ಷಿಯು ಶಾಸ್ತ್ರದ ವೇಷ ಹಾಕಿಕೊಂಡು ಬಂದಾಗ.

ಸುವಾರ್ತೆಗಳನ್ನು ಓದಿದವರಿಗೆ ಸಾಕ್ಷಿ ಎಂಬ ಮಾತು ಹೊಸದೇನೂ ಅಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಆ ಹೆಂಗಸು ಜನರ ಮುಂದೆ ನಡುಗುತ್ತ ಬಂದು ತನ್ನ ಸಂಗತಿಯನ್ನೆಲ್ಲಾ ಇದ್ದಂತೆಯೇ ಹೇಳಿದಳು. ಅವಳು ಅನೇಕ ವೈದ್ಯರಿಂದ ಕಷ್ಟಪಟ್ಟು, ಇದ್ದುದೆಲ್ಲವನ್ನೂ ವೆಚ್ಚಮಾಡಿ, ಇನ್ನೂ ಕೆಟ್ಟ ಸ್ಥಿತಿಗೆ ಬಂದಳೆಂದು ಮಾರ್ಕನು ಬಿಡದೆ ಬರೆದಿರುವನು. ತಾನೇ ವೈದ್ಯನಾಗಿದ್ದ ಲೂಕನು ಅದೇ ಪ್ರಸಂಗವನ್ನು ಹೇಳುವಾಗ ವೈದ್ಯರ ಮೇಲಿನ ದೂರನ್ನು ಸ್ವಲ್ಪ ಮೆತ್ತಗೆ ಮಾಡಿರುವುದನ್ನು ಓದಿ ನಾವು ಎಷ್ಟೋ ಸಲ ನಕ್ಕದ್ದುಂಟು. ಆದರೆ ಅದೇ ಲೂಕನು ತನ್ನ ಗ್ರಂಥದ ಆರಂಭದಲ್ಲಿ, ಈ ಸಂಗತಿಗಳನ್ನು ಕಣ್ಣಾರೆ ಕಂಡವರಿಂದ ಬಂದುವೆಂದೂ, ತಾನು ಬುಡದಿಂದ ವಿಚಾರಿಸಿ ಬರೆಯುತ್ತಿರುವೆನೆಂದೂ ತಿಳಿಸಿರುವನು. ಎಲ್ಲಿಂದ ಬಂದಿತು, ಯಾರು ಕಂಡರು, ನಾನು ವಿಚಾರಿಸಿದೆನೇ ಎಂಬ ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಸೀಮೆಯ ನೀರಿಗೆ ಬರೋಣ.

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಮೆ, ಬಂಡೆ ಹೆಚ್ಚು. ಕೋಟೆ ಕಟ್ಟಿದ ಹಿರಿಯರು ಮಳೆಯ ನೀರನ್ನು ಬಂಡೆಗಳ ನಡುವೆ ಹಿಡಿದು ಹೊಂಡಗಳಲ್ಲಿ ತುಂಬಿದರು. ಸಿಹಿನೀರು ಹೊಂಡವೆಂಬ ಹೆಸರೇ ಅವರು ನೀರನ್ನು ಹೇಗೆ ವಿಂಗಡಿಸುತ್ತಿದ್ದರೆಂಬುದನ್ನು ತೋರಿಸುವುದು. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರವು ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ಕುಡಿಯುವ ನೀರು ಕೊಡುವುದು. (ಅದು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷ ಕಾದ ಆ ನೋಟವನ್ನು ನೋಡಲು ಜಾತ್ರೆಯಂತೆ ಜನ ಸೇರಿದರು.) ಆದರೆ ಪಟ್ಟಣದ ನಲ್ಲಿ ತಲುಪದ ಹಳ್ಳಿಗಳು ಬಹುಕಾಲ ಕೊಳವೆ ಬಾವಿಯನ್ನೇ ನಂಬಿದುವು. ಬಾವಿ ಆಳವಾದಷ್ಟೂ ನೀರು ಬಂಡೆಯೊಡನೆ ಹೆಚ್ಚು ಕಾಲ ಬೆರೆತಿರುವುದು. ಬಂಡೆಯೊಳಗಿನ ಖನಿಜಗಳಿಂದ ಫ್ಲೋರೈಡ್ ಎಂಬ ಲವಣಾಂಶವು ನೀರಿಗೆ ಇಳಿಯುವುದು. ನಮ್ಮ ಜಿಲ್ಲೆಯ ಹಲವೆಡೆಗಳಲ್ಲಿ ಅದು ಇರಬೇಕಾದುದಕ್ಕಿಂತ ಹೆಚ್ಚಾಗಿರುವುದು. ಭಾರತದ ಮಾನಕದಂತೆ ಒಂದು ಲೀಟರ್ ನೀರಿನಲ್ಲಿ ೧ ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲವೇ ಇಲ್ಲವೆಂದರೆ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು.

ಇದರ ಕೇಡು ಏನೆಂದರೆ ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಬೇಳೆ ಬೇಯದ ಗಡಸು ನೀರನ್ನು ನಮ್ಮ ಅಜ್ಜಿಯಂದಿರು ಒಲೆಯ ಮುಂದೆಯೇ ಕಂಡುಹಿಡಿಯುತ್ತಿದ್ದರು. ಉಪ್ಪು ನೀರನ್ನು ನಾಲಗೆಯೇ ಹೇಳುವುದು. ಫ್ಲೋರೈಡನ್ನು ಹೇಳುವುದು ಮಕ್ಕಳ ಹಲ್ಲು ಮಾತ್ರ. ಹಲ್ಲಿನ ಹೊರಗವಚವು ವಸಡಿನೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ, ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿಯ, ಹಳದಿಯ, ಕಂದು ಬಣ್ಣದ ಅಡ್ಡಗೆರೆಗಳು ಮೂಡುವುವು. ಹಲ್ಲು ಬೆಳೆದ ಮೇಲೆ ಆ ಊರಿಗೆ ಬಂದವರಿಗೆ ಈ ಗೆರೆ ಬೀಳುವುದಿಲ್ಲ. ಆದುದರಿಂದ ಮಲೆನಾಡಿನಿಂದ ಸೊಸೆಯಾಗಿ ಬಂದ ತಾಯಿಯ ಹಲ್ಲು ಮಲ್ಲಿಗೆಯ ಮೊಗ್ಗಿನಂತಿದ್ದು, ಅವಳ ಮಗುವಿನ ಹಲ್ಲು ಮಾತ್ರ ಕಂದಾಗಿರುವುದುಂಟು. ಆಗ ಮನೆಯವರು ಹೇಳುವುದೇನು? ತಾಯಿಯು ಮಗುವಿಗೆ ಹಲ್ಲುಜ್ಜುವುದನ್ನು ಕಲಿಸಲಿಲ್ಲವೆಂದು. ಆ ಮಗು ಹೆಣ್ಣಾಗಿದ್ದರೆ, ಬೆಳೆದ ಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವಳು. ಹೆಣ್ಣು ನೋಡಲು ಬಂದವರ ಮುಂದೆ ನಗುವುದೇ ಇಲ್ಲ. ಉಜ್ಜಿ ತೊಳೆದರೆ ಹೋಗುವ ಕೊಳೆಯಲ್ಲವದು. ವರ್ಷಾನುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಕುಡಿದವರಿಗೆ ಎಲುಬಿನಲ್ಲಿಯೂ ಕೇಡು ಸೇರಿ, ಕುತ್ತಿಗೆ, ಬೆನ್ನು, ಕೀಲುಗಳು ಬಿಗಿದು, ಕಡೆಗೆ ಬೆನ್ನು ಬಾಗುವುದೂ ಉಂಟು. ಹಾಗೆ ಬಾಗಿದ ಬೆನ್ನನ್ನು ನೇರಮಾಡುವ ಔಷಧವಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ಒಬ್ಬ ತಾಯಿ ತನ್ನ ಮನೆಯಲ್ಲಿ ಕುಳಿತು ಒಂದು ಮಗುವಿನ ಹಲ್ಲನ್ನು ನೋಡಿದರೆ ಅವಳಿಗೆ ಕಾಣುವುದು ತನ್ನ ದುರದೃಷ್ಟ ಮಾತ್ರ. ಒಂದೇ ಕೊಳವೆ ಬಾವಿಯ ಹತ್ತು ತಾಯಂದಿರು ತಮ್ಮ ತಮ್ಮ ಮಕ್ಕಳ ಸಂಗತಿಯನ್ನು ಒಂದೆಡೆ ಇಟ್ಟುಕೊಂಡು ನೋಡಿದರೆ ಆಗ ಬಾವಿ ಕಾಣುವುದು. ಇದು ಬರಿಯ ಊಹೆಯಲ್ಲ, ಹೀಗೆಯೇ ನಡೆದುದುಂಟು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ೧೯೦೧ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಬಂದನು. ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ. ಊರಿನವರು ಅದಕ್ಕೆ ಹೇಳಿದ ಕಾರಣಗಳನ್ನು ಕೇಳಿದರೆ ನಮ್ಮ ಊರುಗಳ ಜಗಲಿಯ ಮಾತೇ ನೆನಪಾಗುವುದು: ಹಂದಿಯ ಮಾಂಸ ಹೆಚ್ಚು ತಿಂದುದರಿಂದ, ಕೆಟ್ಟ ಹಾಲು ಕುಡಿದುದರಿಂದ, ಹೀಗೆ. ಮೆಕೇ ಅನೇಕ ವರ್ಷ ಹುಡುಕಿಯೂ ಕಾರಣ ಸಿಕ್ಕಲಿಲ್ಲ. ೧೯೨೩ರಲ್ಲಿ ಐಡಹೊ ಸೀಮೆಯ ಓಕ್ಲಿ ಎಂಬ ಊರಿನ ತಾಯಿತಂದೆಗಳನ್ನು ಕಾಣಲು ಅವನು ಹೋದನು. ಅವರು ತಮ್ಮ ಮಕ್ಕಳ ಹಲ್ಲಿನಲ್ಲಿ ಕಲೆಯನ್ನು ಗಮನಿಸಿದ್ದರು. ಅಷ್ಟೇ ಅಲ್ಲದೆ, ಐದು ಮೈಲಿಯಾಚೆಯ ಒಂದು ಬೆಚ್ಚನೆಯ ಚಿಲುಮೆಯಿಂದ ಊರಿಗೆ ಕೊಳವೆ ಹಾಕಿ ನೀರು ತಂದ ತರುವಾಯವೇ ಈ ಕಲೆ ತೋರಿತೆಂದು ಅವರು ಹೇಳಿದರು. ಮೆಕೇ ಆ ನೀರನ್ನು ಪರೀಕ್ಷೆಮಾಡಿದಾಗ ಸಂಶಯಪಡುವಂಥದೇನೂ ಸಿಕ್ಕಲಿಲ್ಲ. ಆದರೂ ಅವನು ಆ ಜನರ ಸಾಕ್ಷಿಯನ್ನು ತಳ್ಳಿಹಾಕಲಿಲ್ಲ. ಆ ಕೊಳವೆಯನ್ನು ಬಿಟ್ಟು ಹತ್ತಿರದ ಬೇರೊಂದು ಚಿಲುಮೆಯ ನೀರನ್ನು ಬಳಸಿರೆಂದನು. ಕೆಲವೇ ವರ್ಷಗಳಲ್ಲಿ ಅಲ್ಲಿನ ಎಳೆಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಹುಟ್ಟಿದುವು. ಆ ನೀರಿನಲ್ಲಿ ಇದ್ದುದು ಫ್ಲೋರೈಡ್ ಎಂಬುದು ತಿಳಿದುದು ಅನಂತರ, ೧೯೩೧ರಲ್ಲಿ; ಆರ್ಕನ್ಸಾ ಸೀಮೆಯ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಅದನ್ನು ಒಂದು ಅಲ್ಯೂಮಿನಿಯಂ ಕಂಪೆನಿಯ ರಸಾಯನಶಾಸ್ತ್ರಜ್ಞನಾದ ಚರ್ಚಿಲ್ ಎಂಬುವನು ಕಂಡನು. ನಮ್ಮ ದೇಶದಲ್ಲಿ ೧೯೩೭ರಲ್ಲಿ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದೇ ನೀರಿನಿಂದ ಎಲುಬು ಬಿಗಿದವರನ್ನು ವೈದ್ಯರು ವರ್ಣಿಸಿದರು.

ಓಕ್ಲಿಯ ತಾಯಿತಂದೆಗಳಿಗೆ ರಸಾಯನಶಾಸ್ತ್ರ ಬಾರದು. ಅವರು ಕೊಟ್ಟುದು ಎರಡೇ ಸಂಗತಿ: ಏನು ಕಂಡೆವು, ಯಾವಾಗಿನಿಂದ ಕಂಡೆವು. ಈ “ಯಾವಾಗಿನಿಂದ” ಎಂಬುದನ್ನು ನಮ್ಮ ಸಹೋದರಿಯರು ತಮ್ಮ ಬರಹಗಳಲ್ಲಿ ಬಹಳವಾಗಿ ಬಿಟ್ಟುಬಿಡುವರೆಂದು ನಾವು ಕಂಡಿರುವೆವು. ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹೊಸದುರ್ಗದ ಕಡೆಯಿಂದ ಗೆಳತಿಯರಿಗೆಲ್ಲಾ ಹೀಗೊಂದು ಕಾಗದ ಬಂದಿತೆನ್ನಿ: “ಅಕ್ಕಾ, ಬೆನ್ನುನೋವಿನಿಂದ ಬಹಳ ಕಷ್ಟಪಟ್ಟೆ. ಒಬ್ಬರು ಹೇಳಿದ ಎಣ್ಣೆ ಹಚ್ಚಿದೆ, ಪೂರ್ತಿ ವಾಸಿಯಾಯಿತು. ನೀವೂ ಹಚ್ಚಿರಿ, ಎಲ್ಲರಿಗೂ ಕಳುಹಿಸಿರಿ.” ಬರೆದವಳು ಸುಳ್ಳು ಹೇಳಿಲ್ಲ, ಅವಳ ಮನಸ್ಸು ಒಳ್ಳೆಯದೇ. ಆದರೆ ಅವಳ ವಯಸ್ಸೇನು, ನೋವು ಎಷ್ಟು ದಿನದ್ದು, ವೈದ್ಯರು ನೋಡಿದರೇ, ಎಣ್ಣೆ ಹಚ್ಚಿದ ವಾರವೇ ಅವಳು ತವರಿಗೆ ಹೋಗಿ ಬೇರೆ ನೀರು ಕುಡಿದು ವಿಶ್ರಾಂತಿ ಪಡೆದಳೇ, ಒಂದೂ ತಿಳಿಯದು. ಇನ್ನೊಬ್ಬಳು ಹೀಗೆ ಬರೆದಳೆನ್ನಿ: “ಅಕ್ಕಾ, ನನಗೆ ೪೨ ವರ್ಷ. ಮದುವೆಯಾಗಿ ಈ ಊರಿಗೆ ಬಂದು ೨೦ ವರ್ಷವಾಯಿತು. ಮೊದಲು ಸೇದುವ ಬಾವಿಯ ನೀರು ಕುಡಿಯುತ್ತಿದ್ದೆವು; ಅದು ಬತ್ತಿದ ಮೇಲೆ ೧೨ ವರ್ಷದಿಂದ ಕೊಳವೆ ಬಾವಿಯದು. ೩ ವರ್ಷದಿಂದ ಬೆಳಗ್ಗೆ ಏಳುವಾಗ ಬೆನ್ನು ಬಿಗಿದಿರುತ್ತದೆ, ಕುತ್ತಿಗೆ ತಿರುಗಿಸುವುದು ಕಷ್ಟ. ನನ್ನ ಹಲ್ಲು ಚೆನ್ನಾಗಿವೆ, ಮಕ್ಕಳಿಬ್ಬರ ಮುಂದಿನ ಹಲ್ಲಿನಲ್ಲಿ ಕಂದು ಗೆರೆ ಇವೆ. ಎಣ್ಣೆ ಹಚ್ಚಿದರೆ ಎರಡು ಗಂಟೆ ಹಿತವಾಗುತ್ತದೆ, ಆಮೇಲೆ ಹಾಗೆಯೇ. ವೈದ್ಯರಿಗೆ ಇನ್ನೂ ತೋರಿಸಿಲ್ಲ, ನೀರನ್ನು ಪರೀಕ್ಷೆಗೆ ಕೊಟ್ಟಿಲ್ಲ. ನಿಮ್ಮ ಕಡೆ ಯಾರಿಗಾದರೂ ಹೀಗಿದೆಯೇ?” ಈ ಎರಡನೆಯ ಕಾಗದದಲ್ಲಿ ಉಪಾಯವೊಂದೂ ಇಲ್ಲ; ಆದರೂ ಓದಿದವಳು ತಟ್ಟನೆ ತನ್ನ ಮನೆಯ ಕೊಡದ ಕಡೆ ನೋಡುವಳು. ತಿಳಿಯದುದನ್ನು ತಿಳಿಯದೆಂದೇ ಬರೆದಿರುವುದು ಆ ಕಾಗದದ ದೊಡ್ಡ ಗುಣ.

ಅಂಥ ಕಾಗದಕ್ಕೆ ಉತ್ತರ ಬರೆಯುವವರಿಗೂ ಒಂದು ಮಾತು. ಕೀಲುನೋವಿಗೆ ಕಾರಣಗಳು ಹಲವು. ವಾತವಿರಬಹುದು, ವಯಸ್ಸಿನ ಸವೆತವಿರಬಹುದು, ಎಲುಬಿನ ಬೇರೆ ಕಾಯಿಲೆಯಿರಬಹುದು. “ನಿನಗೂ ಫ್ಲೋರೈಡೇ” ಎಂದು ಇಲ್ಲಿಂದಲೇ ತೀರ್ಪುಕೊಡುವುದು, “ನಿನಗೂ ಇದೇ ಎಣ್ಣೆ” ಎನ್ನುವುದಕ್ಕಿಂತ ಉತ್ತಮವೇನಲ್ಲ. ಮೂತ್ರದ ಪರೀಕ್ಷೆ, ಎಕ್ಸ್‌ರೇ, ನೀರಿನ ಪರೀಕ್ಷೆ ಇವು ಮೂರೂ ಕೂಡಿ ಹೇಳಬೇಕಾದ ಮಾತದು. ಗೆಳತಿಯು ಮಾಡಬಹುದಾದುದು ತನಗಾದುದನ್ನು ಅಷ್ಟೇ ನಿಷ್ಠೆಯಿಂದ ಬರೆದು, ಎಲ್ಲಿ ತೋರಿಸಿಕೊಂಡೆನೆಂದು ದಾರಿ ಹೇಳುವುದು.

ಇನ್ನು ಬೇರೆಯವರ ಬರಹವನ್ನು ಹಂಚುವ ವಿಚಾರ. ಬೆರೋಯದವರು ಪೌಲನು ಹೇಳಿದುದನ್ನೂ ಹಾಗೆಯೇ ನಂಬದೆ, ಅದು ಹೌದೋ ಅಲ್ಲವೋ ಎಂದು ದಿನದಿನವೂ ಶಾಸ್ತ್ರಗಳನ್ನು ಶೋಧಿಸಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೊಗಳಿದೆ. ಅಪೊಸ್ತಲನ ಮಾತಿಗೇ ಇಷ್ಟು ಶೋಧನೆಯುಂಟಾದರೆ, ಹೆಸರಿಲ್ಲದೆ, ದಿನಾಂಕವಿಲ್ಲದೆ ಫೋನಿಗೆ ಬಂದು ಬೀಳುವ ಆರೋಗ್ಯದ ಸಂದೇಶಕ್ಕೆ ಎಷ್ಟು ಬೇಕು! ನೀರನ್ನು ಚೆನ್ನಾಗಿ ಕಾಯಿಸಿ ಕುಡಿದರೆ ಎಲ್ಲಾ ದೋಷವೂ ಹೋಗುವುದೆಂಬ ಬುದ್ಧಿವಾದವನ್ನೇ ನೋಡಿರಿ. ವಾಂತಿಭೇದಿ ತರುವ ಕ್ರಿಮಿಗಳ ಮಟ್ಟಿಗೆ ಅದು ಸತ್ಯವಾದ ಮಾತು. ನಾವೂ ಶಾಲೆಯಲ್ಲಿ ಅದನ್ನೇ ಕಲಿಸಿರುವೆವು. ಫ್ಲೋರೈಡಿನ ಮಟ್ಟಿಗೆ ಅದು ತಿರುಗುಮುರುಗು: ಕಾಯಿಸಿದರೆ ನೀರು ಆವಿಯಾಗುವುದು, ಫ್ಲೋರೈಡ್ ಪಾತ್ರೆಯಲ್ಲಿ ಉಳಿದು ಇನ್ನಷ್ಟು ಗಟ್ಟಿಯಾಗುವುದು. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿನಲ್ಲಿ ಇಳಿಸಿದರೂ ಅದು ಹೋಗದು. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ. ಪಟಿಕ ಮತ್ತು ಸುಣ್ಣವನ್ನು ಅಳತೆಯಿಂದ ಬೆರೆಸಿ ಅದನ್ನು ತಳಕ್ಕಿಳಿಸುವ ನಲಗೊಂಡ ವಿಧಾನವನ್ನು ನಾಗಪುರದ ಸಂಶೋಧನ ಸಂಸ್ಥೆಯವರು ರೂಪಿಸಿದರು. ಆದರೆ ಆ ಅಳತೆಯು ನೀರು ನೀರಿಗೆ ಬೇರೆಯಾದುದರಿಂದ, ಗೆಳತಿಯ ಕಾಗದ ನೋಡಿ ಮನೆಯಲ್ಲಿ ಮಾಡತಕ್ಕದ್ದಲ್ಲ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು, ಕೆಟ್ಟು ನಿಂತಿರದಿದ್ದರೆ, ಅದನ್ನು ತೆಗೆಯಬಲ್ಲವು. ಒಂದೇ ಬುದ್ಧಿವಾದವು ಒಂದು ಕಾಯಿಲೆಗೆ ಅಮೃತ, ಮತ್ತೊಂದಕ್ಕೆ ಕೇಡು ಆಗುವುದರಿಂದಲೇ, ಹಂಚುವವಳು ಅದು ಯಾವ ಕಾಯಿಲೆಗೆ ಹೇಳಿದುದು, ಯಾರು ಹೇಳಿದುದು, ಯಾವ ವರ್ಷದ್ದು ಎಂಬುದನ್ನು ಜೊತೆಗೇ ಕಳುಹಿಸಬೇಕು. ಅವು ತಿಳಿಯದಿದ್ದರೆ ಕಳುಹಿಸದಿರುವುದೇ ಲೇಸು.

ತನ್ನ ಬರಹವನ್ನೇ ಎಲ್ಲರೂ ಓದಲಿ ಎಂದು ಕಳುಹಿಸುತ್ತ, ಮತ್ತೊಬ್ಬಳ ಎರಡು ಸಾಲಿಗೂ ಉತ್ತರ ಕೊಡದವರುಂಟು. ಇದು ಅಪರಾಧವಲ್ಲ, ಬಾಗಿನ ಪಡೆದು ಕೊಡದೆ ಬರುವಂಥ ಅವಿನಯ. ಅನುಭವ ಹೇಳುವ ನೆವದಲ್ಲಿ ಪುಡಿ, ಎಣ್ಣೆ, ಯಂತ್ರಗಳನ್ನು ಮಾರುವವರು ಮಾತ್ರ ಬೇರೆ ಜಾತಿ. ಕಾಗದದ ಕೊನೆಯಲ್ಲಿ ಬೆಲೆ ಬಂದರೆ ಮೊದಲಿನಿಂದ ಮತ್ತೊಮ್ಮೆ ಓದತಕ್ಕದ್ದು.

ಇವೆಲ್ಲಕ್ಕಿಂತ ಗುರುತರವಾದ ಸಂಗತಿಯೊಂದುಂಟು. ತಾಯಿತಂದೆಗಳು ದಯವಿಟ್ಟು ಇದನ್ನು ಗಮನಿಸಬೇಕು. ತನ್ನ ನೋವನ್ನು ಬರೆಯುವ ಹಕ್ಕು ನೋವುಂಡವಳದು. ಮಗಳ ಹಲ್ಲಿನ ಚಿತ್ರವನ್ನೋ, ಸೊಸೆಯ ವೈದ್ಯರ ಚೀಟಿಯನ್ನೋ, ಸಲಹೆ ಬೇಕೆಂಬ ಸದುದ್ದೇಶದಿಂದಲೇ ಆದರೂ, ಅವಳನ್ನು ಕೇಳದೆ ನೂರು ಜನರಿಗೆ ಕಳುಹಿಸಿದರೆ ಅದು ಹಿಂದಕ್ಕೆ ಬರುವುದಿಲ್ಲ. ನಾಲ್ಕು ವರ್ಷದ ತರುವಾಯ ಸಂಬಂಧ ಬೆಳೆಸಲು ಬಂದ ಮನೆಯವರ ಕೈಯಲ್ಲಿ ಅದೇ ಚಿತ್ರವಿದ್ದರೆ ಆ ಹುಡುಗಿಯ ಗತಿಯೇನು? ನೆರೆಯವಳ ಕಾಗದವನ್ನು ಮುಂದಕ್ಕೆ ಕಳುಹಿಸುವುದಾದರೆ ಅವಳ ಒಪ್ಪಿಗೆ ಬೇಕು. ಒಪ್ಪಿದರೂ ಹೆಸರು, ಊರು, ಮನೆತನಗಳನ್ನು ತೆಗೆದು ಕಳುಹಿಸಬಹುದು. ನೀರಿನ ವಿಚಾರದಲ್ಲಿ ಇದು ಕಷ್ಟವೇನಲ್ಲ, ಏಕೆಂದರೆ ಅಲ್ಲಿ ಗುರುತು ಬೇಕಾದುದು ಬಾವಿಗೇ ಹೊರತು ಹುಡುಗಿಗಲ್ಲ.

ಬಾವಿಯ ಗುರುತು ಹಾಕುವ ಕೆಲಸವು ಈಗ ಹೆಂಗಸರ ಕೈಗೇ ಬಂದಿರುವುದು. ೨೦೧೯ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಎಂಬ ಯೋಜನೆಯಲ್ಲಿ, ಪ್ರತಿಯೊಂದು ಹಳ್ಳಿಯಲ್ಲಿ ಐದು ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆಯ ಸಣ್ಣ ಪೆಟ್ಟಿಗೆಯನ್ನು ಬಳಸಲು ಕಲಿಸಬೇಕೆಂದು ಏರ್ಪಾಡಾಯಿತು. ಬಣ್ಣದ ಬದಲಾವಣೆಯನ್ನು ನೋಡಿ ಅಂದಾಜು ಹೇಳುವ ಪರೀಕ್ಷೆಯದು; ಸಂಶಯ ಬಂದ ನೀರನ್ನು ಪ್ರಯೋಗಶಾಲೆಗೆ ಕಳುಹಿಸಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರು ವಿಜ್ಞಾನದ ತರಗತಿಯಲ್ಲಿ ಲಿಟ್ಮಸ್ ಕಾಗದವನ್ನು ಹಿಡಿದ ಕೈಯಿಂದಲೇ ಇದನ್ನು ಹಿಡಿಯಬಲ್ಲರು. ತಮ್ಮ ಊರಿನಲ್ಲಿ ಆ ಐದು ಮಂದಿ ಯಾರೆಂದು ವಿಚಾರಿಸಲಿ. ಯಾರೂ ಇಲ್ಲವಾದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಲಿ.

ಪರೀಕ್ಷೆಯಾದ ಮೇಲೆ ಗೆಳತಿಯರಿಗೆ ಬರೆಯುವ ಕಾಗದದಲ್ಲಿ ಯಾವ ಬಾವಿ, ಎಷ್ಟು ಅಡಿ ಆಳ, ಪರೀಕ್ಷೆ ನಡೆದ ದಿನ, ಬಂದ ಅಂಕಿ, ಬೇಸಗೆಯೋ ಮಳೆಗಾಲವೋ ಎಂಬುದು ಇರಲಿ. ಆ ನೀರನ್ನು ಬಿಟ್ಟು ಬೇರೆ ನೀರನ್ನು ಹಿಡಿದ ಮನೆಯಲ್ಲಿ ಕೈಗೂಸು ಇದ್ದರೆ ಅದನ್ನೂ ಬರೆದಿಡಲಿ. ಹಾಲುಹಲ್ಲು ಬಿದ್ದು ಮುಂಬಲ್ಲು ಹುಟ್ಟುವುದು ಆರೇಳು ವರ್ಷಕ್ಕೆ. ಅಂದು ಆ ತಾಯಿ, ಹಲ್ಲು ಬಿಳಿಯಾಗಿ ಬಂದರೂ ಸರಿ, ಗೆರೆಯೊಡನೆ ಬಂದರೂ ಸರಿ, ಮೊದಲ ಕಾಗದವನ್ನು ಓದಿದವರಿಗೆಲ್ಲಾ ಇನ್ನೊಂದು ಕಾಗದ ಬರೆಯಬೇಕು.